ಟೇಪು ಹೊತ್ತು ಫುಲ್‌ಶೀರ್‌ವರೆಗೆ

೨೦೧೯, ಆಗಸ್ಟ್ ೯, ಶುಕ್ರವಾರ. ಬೆಳಿಗ್ಗೆ ಏಳು ಹತ್ತಕ್ಕೆ ಡಲ್ಲಾಸ್ ಹತ್ತಿರದ ಅಲೆನ್ ಎಂಬ ಊರಿನ ಮನೆ ಬಿಟ್ಟಾಗ ಕಾರಿನ ಮೀಟರಿನಲ್ಲಿ ೪೧,೨೦೬ ಮೈಲಿ ಇತ್ತು. ಹೊರಗೆ ಅಷ್ಟು ಹೊತ್ತಿಗೇ ಎಂಬತ್ತೆರಡು ಡಿಗ್ರಿ ಫ್ಯಾರನ್‌ಹೀಟ್. ಮಧ್ಯಾಹ್ನಕ್ಕೆ ನೂರು ದಾಟುತ್ತದೆ ಎಂದು ರೇಡಿಯೋ ಹೇಳುತ್ತಿತ್ತು. ಹಿಂದಿನ ಸೀಟಿನಲ್ಲಿ ಚಪಾತಿ, ಶೇಂಗಾ ಚಟ್ನಿ ಪುಡಿ, ಮೊಸರನ್ನದ ಸ್ಟೀಲ್ ಡಬ್ಬಿಗಳು. ಅವುಗಳ ಪಕ್ಕ ಬೆಣ್ಣೂರ ಅಂಕಲ್‌ರ ಅಂಪೈರಿಂಗ್ ಚೀಲ: ಮುಖಕವಚ, ಎದೆಗೆ ಕಟ್ಟುವ ಗಟ್ಟಿ ದಿಂಬು, ಆಟದ ಮೈದಾನದ ತಟ್ಟೆಯ ಮೇಲಿನ ಧೂಳು ಒರೆಸುವ ಪುಟ್ಟ ಬ್ರಶ್.

ಅಂಕಲ್ ಹುಬ್ಬಳ್ಳಿಯವರು, ಅರವತ್ತಾರು ವರ್ಷ. ಟೆಕ್ಸಸ್‌ನಲ್ಲಿ ರಸ್ತೆ ಕಟ್ಟುವ ಎಂಜಿನಿಯರ್ ಆಗಿದ್ದು ನಿವೃತ್ತರಾಗಿದ್ದಾರೆ. ನಾನು ಮೈಸೂರಿನವಳು. ಪಕ್ಕದ ಊರು ಪ್ಲೇನೋದಲ್ಲಿ ಎರಡು ವರ್ಷದ ಕೆಲಸಕ್ಕೆ ಬಂದು ಇವರ ಮನೆಯ ಮಹಡಿ ಕೋಣೆಯಲ್ಲಿ ಬಾಡಿಗೆಗೆ ಇದ್ದೇನೆ. ಹೊರಡುವಾಗ ಸುಮಿತ್ರಾ ಆಂಟಿ ಕಾರಿನ ಕಿಟಕಿಗೆ ಬಗ್ಗಿದರು.

"ಮೊಸರನ್ನ ಹನ್ನೆರಡರೊಳಗ ಮುಗಿಸ್ರಿ, ಹುಳಿ ಬರ್ತದ. ವಿನುತಾ, ಇವರಿಗೆ ಹೈವೇದಾಗ ಸ್ಟೀರಿಂಗ್ ಕೊಡಬ್ಯಾಡವಾ."

"ಅರ್ಧ ಹೈವೇ ನಾನs ಕಟ್ಟೀನಿ," ಎಂದರು ಅಂಕಲ್.

"ಕಟ್ಟೂದು ಬ್ಯಾರೆ, ಓಡ್ಸೂದು ಬ್ಯಾರೆ."

"ನೀನೂ ಬಾ ಅಂದ್ರ ಒಲ್ಲೆ ಅಂತಿ."

"ನೀವು ಹೋಗಿ ಕೇಳ್ಕೊಂಡು ಬರ್ರಿ. ನನಗ ಕೇಳೂದು ಏನೂ ಉಳಿದಿಲ್ಲ," ಎಂದು ಆಂಟಿ ಕಾರಿನ ಬಾಗಿಲಿಗೆ ಎರಡು ಸಲ ತಟ್ಟಿ ಒಳಗೆ ಹೋದರು. ಅದು ಬೇಸರದ ಮಾತು ಎಂದು ನಾನು ತಿಳಿದುಕೊಂಡೆ.

ನಾವು ಕೇಳಲು ಹೊರಟಿದ್ದು ಒಂದೇ ಒಂದು ಚೆಂಡಿನ ವಿಷಯ. ಬೇಸ್‌ಬಾಲ್ ನೋಡದವರಿಗಾಗಿ ಆಟವನ್ನು ಇಷ್ಟರಲ್ಲಿ ಹೇಳಿಬಿಡುತ್ತೇನೆ. ಬ್ಯಾಟುಗಾರನ ಮುಂದೆ ನೆಲದಲ್ಲಿ ಹದಿನೇಳು ಇಂಚು ಅಗಲದ ಬಿಳಿ ತಟ್ಟೆಯಿರುತ್ತದೆ. ಅದರ ಮೇಲೆ, ಅವನ ಮೊಣಕಾಲಿನಿಂದ ಎದೆಯವರೆಗೆ, ಕಣ್ಣಿಗೆ ಕಾಣದ ಒಂದು ಕಿಟಕಿ ಇದೆ ಎಂದುಕೊಳ್ಳಬೇಕು. ಅವನು ಹೊಡೆಯದೆ ಬಿಟ್ಟ ಚೆಂಡು ಆ ಕಿಟಕಿಯ ಒಳಗೆ ಹಾದರೆ ಸ್ಟ್ರೈಕ್, ಹೊರಗೆ ಹಾದರೆ ಬಾಲ್. ಮೂರು ಸ್ಟ್ರೈಕಿಗೆ ಔಟ್. ನಾಲ್ಕು ಬಾಲಿಗೆ ಅವನು ಸುಮ್ಮನೆ ನಡೆದು ಮೊದಲ ಬೇಸ್ ಸೇರುತ್ತಾನೆ. ಮೂರು ಬೇಸ್ ದಾಟಿ ಮತ್ತೆ ತಟ್ಟೆ ಮುಟ್ಟಿದರೆ ಒಂದು ರನ್. ಕಿಟಕಿ ಎಲ್ಲಿದೆ ಎಂದು ಹೇಳುವವನು ಬ್ಯಾಟುಗಾರನ ಹಿಂದೆ, ಚೆಂಡು ಹಿಡಿಯುವ ಕ್ಯಾಚರ್‌ನ ಬೆನ್ನಿಗೆ ಬಾಗಿ ನಿಂತ ಅಂಪೈರ್.

೨೦೦೧ರ ಬೇಸಿಗೆಯಲ್ಲಿ ಅಂಕಲ್‌ರ ಮಗ ವಿವೇಕ್‌ಗೆ ಹನ್ನೆರಡು ವರ್ಷ. ಅವನು ಬೇಸ್‌ಬಾಲ್ ಆಡುತ್ತಿದ್ದ ಮಕ್ಕಳ ಲೀಗಿನಲ್ಲಿ ಪ್ರತಿ ಮನೆಯವರೂ ಏನಾದರೊಂದು ಕೆಲಸ ಮಾಡಿಕೊಡಬೇಕು ಎಂಬ ರೂಢಿ ಇತ್ತು. ಕೆಲವರು ತಿಂಡಿ ಅಂಗಡಿ ನೋಡಿಕೊಂಡರು, ಕೆಲವರು ಹುಲ್ಲು ಕತ್ತರಿಸಿದರು. ಹುಬ್ಬಳ್ಳಿಯ ಮೈದಾನದಲ್ಲಿ ಕ್ರಿಕೆಟ್ ಅಂಪೈರ್ ಆಗಿದ್ದ ಅಂಕಲ್ ಪುಸ್ತಕ ಓದಿ, ತರಬೇತಿ ಪಡೆದು ಬೇಸ್‌ಬಾಲ್ ಅಂಪೈರ್ ಆದರು. ಮಗನ ಪಂದ್ಯಕ್ಕೆ ಮಾತ್ರ ನಿಲ್ಲುತ್ತಿರಲಿಲ್ಲ. ಆ ಸೀಸನ್‌ನ ಕೊನೆಯ ಪಂದ್ಯಕ್ಕೆ ಬರಬೇಕಾಗಿದ್ದ ಅಂಪೈರ್ ಬರಲಿಲ್ಲ. ಎರಡೂ ತಂಡದ ಕೋಚ್‌ಗಳು ಒಪ್ಪಿ ಇವರನ್ನೇ ನಿಲ್ಲಿಸಿದರು. ವಿವೇಕ್‌ನ ತಂಡ ಒಂದು ರನ್ನಿನಿಂದ ಹಿಂದಿತ್ತು. ಮೂರೂ ಬೇಸ್ ತುಂಬಿತ್ತು, ಇಬ್ಬರು ಔಟಾಗಿದ್ದರು, ಮೂರನೆಯವನು ಔಟಾದರೆ ಆಟ ಮುಗಿದಂತೆ. ಬ್ಯಾಟು ಹಿಡಿದವನು ವಿವೇಕ್. ಮೂರು ಬಾಲ್, ಎರಡು ಸ್ಟ್ರೈಕ್. ಕೊನೆಯ ಚೆಂಡನ್ನು ಅವನು ಬಿಟ್ಟ. ಬಾಲ್ ಎಂದಿದ್ದರೆ ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿದು, ಒಂದು ರನ್ ಬಂದು, ಪಂದ್ಯ ಸಮ. ಅಂಕಲ್ ಸ್ಟ್ರೈಕ್ ಎಂದರು.

ಮನೆಗೆ ಬರುವಾಗ ಕಾರಿನಲ್ಲಿ ಹುಡುಗ ಒಂದೇ ಪ್ರಶ್ನೆ ಕೇಳಿದನಂತೆ: "ಅದು ಸ್ಟ್ರೈಕ್ ಇತ್ತೇನಪ್ಪಾ?"

"ಅಂಪೈರ್ ಸ್ಟ್ರೈಕ್ ಅಂದ್ರ ಸ್ಟ್ರೈಕ್," ಎಂದರಂತೆ ಇವರು.

ಮುಂದಿನ ವರ್ಷ ವಿವೇಕ್ ಆಟ ಬಿಟ್ಟ. ಮನೆಯಲ್ಲಿ ಯಾವ ಜಗಳವೂ ಆಗಲಿಲ್ಲ. ಈಗ ಅವನಿಗೆ ಮೂವತ್ತು. ಹ್ಯೂಸ್ಟನ್‌ನ ಪಶ್ಚಿಮಕ್ಕೆ ಫುಲ್‌ಶೀರ್‌ನಲ್ಲಿ ಮನೆ ಮಾಡಿದ್ದಾನೆ, ಫಿಸಿಯೋಥೆರಪಿಸ್ಟ್. ತಂದೆ ವರ್ಷಕ್ಕೆ ಮೂರು ಸಲ ಹೋಗುತ್ತಾರೆ. ಒಂದೂವರೆ ಗಂಟೆ ಇರುತ್ತಾರೆ. ಹವಾಮಾನ, ಕಾರು, ಮನೆ ತೆರಿಗೆ ಈ ಮೂರರ ಮಾತು ಆಡುತ್ತಾರೆ. ಅಂಕಲ್ ಅದನ್ನು ಬೆರಳು ಮಡಚಿ ಎಣಿಸಿ ನನಗೆ ಹೇಳಿದ್ದರು. ಈ ಬೇಸಿಗೆ ಪೂರ್ವದ ಒಂದು ಸಣ್ಣ ಲೀಗಿನಲ್ಲಿ ಯಂತ್ರವೇ ಚೆಂಡನ್ನು ಅಳೆದು ಅಂಪೈರನ ಕಿವಿಗೆ ಸ್ಟ್ರೈಕೋ ಬಾಲೋ ಹೇಳುತ್ತದೆ ಎಂಬ ಸುದ್ದಿ ಬಂದಾಗಿನಿಂದ ಅವರಿಗೆ ನಿದ್ದೆ ಇರಲಿಲ್ಲ. ಆಸ್ಟಿನ್‌ನಲ್ಲಿ ಚಿಪ್ ಕಂಪನಿಯಲ್ಲಿರುವ, ಮಂಡ್ಯದ ಕಡೆಯ ನಂದೀಶ ಎಂಬವರು ವಾರದ ರಜೆಗಳಲ್ಲಿ ಅಂಥದೇ ಕ್ಯಾಮೆರಾ ಕಟ್ಟುತ್ತಿದ್ದಾರೆ ಎಂದು ಯುಗಾದಿ ಕಾರ್ಯಕ್ರಮದಲ್ಲಿ ಗೊತ್ತಾಗಿತ್ತು. ಅವರಿಗೆ ಪರೀಕ್ಷೆಗೆ ಒಬ್ಬ ಅಂಪೈರ್ ಬೇಕಿತ್ತು. ಅಂಕಲ್‌ಗೆ ಆ ಪಂದ್ಯದ ಹಳೆಯ ವಿಡಿಯೋ ಟೇಪಿನಲ್ಲಿದ್ದ ಆ ಚೆಂಡನ್ನು ಅಳೆಸಬೇಕಿತ್ತು. ಅಂಪೈರ್ ಹೇಳಿದ್ದನ್ನು ಕೈಯಲ್ಲಿ ಬರೆದುಕೊಳ್ಳಲು ಸ್ಕೋರರ್ ಒಬ್ಬರು ಬೇಕು ಎಂದರು ನಂದೀಶ. ನಾನು ಮೈಸೂರಿನಲ್ಲಿ ಆರು ವರ್ಷ ಕ್ರಿಕೆಟ್ ಸ್ಕೋರರ್ ಆಗಿದ್ದವಳು. ಹೀಗೆ ನಾನೂ ಹೊರಟೆ.

ಮೊದಲ ನಿಲುಗಡೆ ಡಲ್ಲಾಸ್, ಇಪ್ಪತ್ತೆರಡು ಮೈಲಿ, ಟ್ರಾಫಿಕ್‌ನಿಂದಾಗಿ ಐವತ್ತು ನಿಮಿಷ. ಕ್ಯಾಮ್‌ಕಾರ್ಡರ್‌ನ ಸಣ್ಣ ಟೇಪುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವ ಅಂಗಡಿ ಅಲ್ಲಿದೆ. ಕೌಂಟರಿನ ಹೆಂಗಸು ಟೇಪನ್ನು ಹಿಂದಿರುಗಿಸುತ್ತ, ಇಷ್ಟು ಹಳೆಯ ಟೇಪಿಗೆ ಬೂಷ್ಟು ಹಿಡಿಯದೆ ಇರುವುದು ಅಪರೂಪ, ಎಲ್ಲಿ ಇಟ್ಟಿದ್ದಿರಿ ಎಂದು ಕೇಳಿದಳು. ನಾನು ಮೂಸಿ ನೋಡಿದೆ. ನುಸಿಗುಳಿಗೆಯ ವಾಸನೆ.

"ಆಕಿ ರೇಷ್ಮಿ ಸೀರಿ ಕಪಾಟಿನಾಗಿತ್ತು," ಎಂದರು ಅಂಕಲ್, ನನಗೆ ಮಾತ್ರ ಕೇಳುವಂತೆ. "ಶೂಟ್ ಮಾಡಿದಾಕಿ ಆಕಿನs. ನಾ ಒಮ್ಮೆನೂ ಹಾಕಿ ನೋಡಿಲ್ಲ."

ಹನ್ನೊಂದು ಐದಕ್ಕೆ ವೆಸ್ಟ್ ಎಂಬ ಸಣ್ಣ ಊರಿನಲ್ಲಿ ನಿಂತೆವು. ಯುರೋಪಿನಿಂದ ಬಂದು ನೆಲೆಸಿದವರು ಮಾಡುವ, ನಡುವೆ ಹಣ್ಣಿನ ಮುರಬ್ಬ ತುಂಬಿದ ಮೆತ್ತನೆಯ ಬನ್ನು ಅಲ್ಲಿ ಸಿಗುತ್ತದೆ. ನಾನು ಎರಡು ತಿಂದೆ, ಅಂಕಲ್ ಒಂದು. ಮೊಸರನ್ನವನ್ನು ಕಾರಿನಲ್ಲೇ ಹನ್ನೆರಡರೊಳಗೆ ಮುಗಿಸಿದೆವು. ಬನ್ನಿನ ಅಂಗಡಿಯ ಟಿವಿಯಲ್ಲಿ ಹಿಂದಿನ ದಿನದ ದೊಡ್ಡ ಪಂದ್ಯವೊಂದರ ತುಣುಕು ಬರುತ್ತಿತ್ತು. ಓಡಿ ಬಂದವನು ಬೇಸ್ ಮುಟ್ಟಿದನೋ ಇಲ್ಲವೋ ಎಂದು ತಂಡದವರು ಆಕ್ಷೇಪಿಸಿದ್ದರು. ಅಂಪೈರ್‌ಗಳು ಮೈದಾನದಲ್ಲೇ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದರು. ದೂರದ ನ್ಯೂಯಾರ್ಕಿನಲ್ಲಿ ಕುಳಿತವರು ಹತ್ತಾರು ಕೋನದಿಂದ ನೋಡಿ ಹೇಳುವವರೆಗೆ ಇವರು ಕಾಯಬೇಕು. ನಾನು ಗಡಿಯಾರ ನೋಡಿದೆ. ಒಂದು ನಿಮಿಷ ಐವತ್ತು ಸೆಕೆಂಡು. ತೀರ್ಪು ಬದಲಾಯಿತು.

"ನೋಡವಾ ತಂಗಿ, ಆ ಅಂಪೈರ್ ಮಾರಿ ನೋಡು," ಎಂದರು ಅಂಕಲ್. "ತಪ್ಪಾತು ಅಂತ ನಾಚಿಕಿ ಅಲ್ಲ ಅದು. ಮನಿಗೆ ಹಗರ ಆಗಿ ಹೋಗ್ತಾನ ಇವತ್ತ."

ಆಮೇಲೆ ಆಸ್ಟಿನ್‌ವರೆಗೂ ಅವರ ಪಾಠ ನಡೆಯಿತು. ಅಂಪೈರನಿಗೆ ಕಣ್ಣಿಗಿಂತ ತಾಳ್ಮೆ ಮುಖ್ಯ. ಚೆಂಡು ಕ್ಯಾಚರ್‌ನ ಗ್ಲೌಸಿಗೆ ಬೀಳುವವರೆಗೆ ನೋಡಬೇಕು. ಬಿದ್ದ ಮೇಲೆ ಮನಸ್ಸಿನಲ್ಲಿ 'ಒಂದು' ಎನ್ನಬೇಕು. ಆಮೇಲೆ ಕೈ. "ಕೈ ಮೊದಲ ಎದ್ರ ಕಣ್ಣು ಕೈಗೆ ಸಾಕ್ಷಿ ಹೇಳ್ತದ," ಎಂದರು. ಹದಿನೆಂಟು ವರ್ಷದಲ್ಲಿ ಎಷ್ಟೋ ಹೊಸ ಅಂಪೈರ್‌ಗಳಿಗೆ ಈ ಪಾಠ ಹೇಳಿದ್ದರಂತೆ. ನಾನು ಪುಸ್ತಕದಲ್ಲಿ ಬರೆದುಕೊಂಡೆ.

ನಂದೀಶರ ಮನೆ ತಲುಪಿದಾಗ ಎರಡು ನಲವತ್ತು, ೨೨೮ ಮೈಲಿ, ನೂರ ಮೂರು ಡಿಗ್ರಿ. ರಾತ್ರಿ ಊಟಕ್ಕೆ ಮುದ್ದೆ, ಬಸ್ಸಾರು. ಅಂಕಲ್ ಮುದ್ದೆಯನ್ನು ಚಪಾತಿಯ ಹಾಗೆ ಮುರಿಯಹೋದರು.

"ಅಗೀಬಾರ್ದು ಅಂಕಲ್, ಸಾರಲ್ಲಿ ಅದ್ದಿ ನುಂಗ್‌ಬುಡಿ," ಎಂದರು ನಂದೀಶ.

"ಹಲ್ಲು ಕೊಟ್ಟ ದೇವ್ರು ನಿಮ್ಮ ಊರಿಗೆ ಬರಲಿಲ್ಲೇನಪಾ?"

ಆಗಸ್ಟ್ ೧೦, ಶನಿವಾರ. ಬೆಳಿಗ್ಗೆ ಎಂಟಕ್ಕೆ ಟೇಲರ್‌ನ ಮೈದಾನ. ಆಸ್ಟಿನ್‌ನಿಂದ ಈಶಾನ್ಯಕ್ಕೆ ಮೂವತ್ತೈದು ಮೈಲಿ, ಹತ್ತಿ ಮತ್ತು ಜೋಳದ ಹೊಲಗಳ ನಡುವೆ. ಆಡುವವರು ಸ್ಥಳೀಯ ದೊಡ್ಡವರ ಎರಡು ತಂಡ. ನಂದೀಶ ಎರಡು ಕಂಬಗಳ ಮೇಲೆ ಎರಡು ಕ್ಯಾಮೆರಾ ಕಟ್ಟಿದ್ದರು, ಒಂದು ಮೊದಲ ಬೇಸಿನ ಕಡೆ, ಒಂದು ಹಿಂದೆ ಎತ್ತರದಲ್ಲಿ. ಎರಡೂ ನೋಡಿದ್ದನ್ನು ಕೂಡಿಸಿ ಲ್ಯಾಪ್‌ಟಾಪು ಚೆಂಡಿನ ದಾರಿ ಬರೆಯುತ್ತದೆ. ಅಂಕಲ್‌ರ ಬಲಗಿವಿಯಲ್ಲಿ ಯಂತ್ರದ ತೀರ್ಪು ಕೇಳಿಸುವ, ಹೆಸರುಕಾಳಿನಷ್ಟು ದೊಡ್ಡದೊಂದು ಗುಂಡಿ.

ಅಂಕಲ್ ಮೊಣಕಾಲು ನೋವಿನಿಂದ ಎರಡು ಸೀಸನ್‌ನಿಂದ ನಿಂತಿರಲಿಲ್ಲ. ಮುಖಕವಚ ಹಾಕಿಕೊಂಡು ಬಾಗಿದಾಗ ಮಾತ್ರ ಹತ್ತು ವರ್ಷ ಚಿಕ್ಕವರಾದಂತೆ ಕಂಡರು. ಮೊದಲ ಇನ್ನಿಂಗ್ಸಿನಲ್ಲಿ ಕಿವಿಯ ಗುಂಡಿ ಮೂಕವಾಗಿತ್ತು. ಅಂಕಲ್ ಹೇಳುವುದನ್ನು ನಾನು ಬರೆದೆ, ಯಂತ್ರ ತನ್ನದನ್ನು ಬರೆದುಕೊಂಡಿತು. ಬ್ಯಾಟುಗಾರರು ಬಿಟ್ಟ ಚೆಂಡು ಇಪ್ಪತ್ತೊಂಬತ್ತು. ಇಬ್ಬರೂ ಒಪ್ಪಿದ್ದು ಇಪ್ಪತ್ತಾರು. ಎರಡನೆಯ ಇನ್ನಿಂಗ್ಸಿನಲ್ಲಿ ಗುಂಡಿ ಮಾತಾಡಿತು. ಅದು ಹೇಳುವುದಕ್ಕೆ ಅರ್ಧ ಸೆಕೆಂಡು ತಡ. ಆ ಅರ್ಧ ಸೆಕೆಂಡು ಆಟಗಾರರೆಲ್ಲ ತಿರುಗಿ ಅಂಕಲ್‌ರನ್ನೇ ನೋಡುತ್ತಿದ್ದರು. ಒಂದು ಚೆಂಡು ತಟ್ಟೆಯ ಮುಂದೆ ನೆಲಕ್ಕೆ ಬಡಿದು ಪುಟಿದು ಬಂತು. ಗುಂಡಿ ಏನೋ ಹೇಳಿರಬೇಕು. ಅಂಕಲ್ ಮುಖಕವಚ ಎತ್ತಿ ನಂದೀಶರ ಕಡೆ ತಿರುಗಿದರು.

"ಲೇ ನಂದೀಶಾ, ನಿನ್ನ ಮಷೀನು ಇದಕ್ಕ ಸ್ಟ್ರೈಕ್ ಅಂತದಲ್ಲೋ! ನೆಲಕ್ಕ ಬಿದ್ದದ್ದು ಅದಕ್ಕ ಕಾಣೂದಿಲ್ಲೇನು?"

"ಪುಟಿದ್ಮೇಲೆ ಕಿಟಕಿ ಒಳಗೆ ಬಂತಲ್ಲ ಅಂಕಲ್, ಅದ್ಕೆ ಅಷ್ಟೇ ಗೊತ್ತು!"

"ಹಂಗಾದ್ರ ನಾನೂ ಇರ್ತೀನಿ ಇಲ್ಲೆ," ಎಂದು ಅಂಕಲ್ ಬಾಲ್ ಎಂದು ಕೂಗಿದರು. ಮಾತು ತಿಳಿಯದ ಕ್ಯಾಚರ್ ಕೂಡ ನಕ್ಕ.

ನಾನು ಬೆಂಚಿನ ಮೇಲೆ ಒಬ್ಬಳೇ ಕುಳಿತು ಬರೆಯುತ್ತಿದ್ದೆ. ಕ್ರಿಕೆಟಿನಲ್ಲಿ ಇಬ್ಬರು ಸ್ಕೋರರ್ ಪಕ್ಕಪಕ್ಕ ಕೂರುತ್ತೇವೆ, ತಂಡಕ್ಕೊಬ್ಬರು. ಪ್ರತಿ ಓವರಿನ ಕೊನೆಗೆ ಒಬ್ಬರು "ಟ್ಯಾಲಿ?" ಎನ್ನಬೇಕು, ಇನ್ನೊಬ್ಬರು ಮೊತ್ತ ಹೇಳಬೇಕು. ಮೈಸೂರಿನಲ್ಲಿ ನನ್ನ ಪಕ್ಕ ಹೆಚ್ಚಾಗಿ ಕೂರುತ್ತಿದ್ದವನು ಮಹೇಶ. ನಾಲ್ಕು ಬಣ್ಣದ ಪೆನ್ನು, ಒಂದು ರಬ್ಬರು, ಬಿಸಿಲಿಗೆ ಪುಸ್ತಕದ ಮೇಲೆ ಹಿಡಿಯುವ ಒಂದೇ ಕೊಡೆ. ಆರು ವರ್ಷದಲ್ಲಿ ನಾವು ಆಡಿದ ಮಾತು ಹೆಚ್ಚಾಗಿ ಅಂಕಿಗಳೇ. ಹೊರಡುವ ಮುನ್ನ ಬೇರೇನಾದರೂ ಹೇಳಬಹುದಿತ್ತು. ಹೇಳಲಿಲ್ಲ. ಒಂದು ವರ್ಷ ಏಳು ತಿಂಗಳಿಂದ ನನ್ನ ಪಕ್ಕ ಯಾರೂ ಟ್ಯಾಲಿ ಎಂದಿಲ್ಲ. ಟೇಲರ್‌ನ ಬಿಸಿಲಲ್ಲಿ ಲ್ಯಾಪ್‌ಟಾಪಿನ ಲೆಕ್ಕ ನನ್ನ ಪಟ್ಟಿಗೆ ಮೌನವಾಗಿ ತಾಳೆಯಾದಾಗ ಅದು ನೆನಪಾಯಿತು.

ಮಧ್ಯಾಹ್ನ ಮೂರಕ್ಕೆ ನಂದೀಶರ ಮನೆಯಲ್ಲಿ ಟೇಪು ಹಾಕಿದೆವು. ಅಂಕಲ್ ಸೋಫಾದ ಅಂಚಿನಲ್ಲಿ ಕುಳಿತರು. ಹಸಿರು ಮೈದಾನ, ತಂತಿ ಬೇಲಿಯ ಹಿಂದಿನಿಂದ ತೆಗೆದದ್ದು. ಕಿರಿಯ ಸುಮಿತ್ರಾ ಆಂಟಿಯ ದನಿ: "ವಿವೇಕಾ, ಟೊಪಿಗಿ ಸರಿ ಮಾಡ್ಕೋ." ಹೆಲ್ಮೆಟ್ಟಿನಲ್ಲಿ ಮುಖ ಮುಚ್ಚಿಹೋದ ಸಣಕಲು ಹುಡುಗ. ಅವನ ಹಿಂದೆ ಕಪ್ಪು ಕೂದಲಿನ ಅಂಕಲ್. ಕೊನೆಯ ಚೆಂಡು ಬಂತು, ಹುಡುಗ ಬಿಟ್ಟ, ಅಂಕಲ್‌ರ ಬಲಗೈ ಮೇಲೆದ್ದಿತು. ಆಮೇಲೆ ಆಂಟಿಯ ದನಿಯಿಲ್ಲ. ಕ್ಯಾಮೆರಾ ಕೆಳಗೆ ಬಾಗಿ ಹುಲ್ಲನ್ನೇ ತೋರಿಸಿತು. ಹನ್ನೆರಡು ಸೆಕೆಂಡು ಬರೀ ಹುಲ್ಲು.

ನಂದೀಶ ಚೆಂಡಿಗೆ ಗುರುತು ಹಾಕಿ ಲೆಕ್ಕ ಮಾಡಿದರು. ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಕುರ್ಚಿ ತಿರುಗಿಸಿದರು.

"ಎತ್ತರ ಸರಿಯಾಗಿತ್ತು ಅಂಕಲ್, ಅದು ಹೇಳ್ಬೋದು. ಆದ್ರೆ ತಟ್ಟೆ ಮೇಲೆ ಹೋಯ್ತೋ, ಹೊರಗೆ ಹೋಯ್ತೋ, ಗೊತ್ತಾಗಲ್ಲ. ಪಕ್ಕದಿಂದ ಒಂದೇ ಕ್ಯಾಮೆರಾ. ಒಂದು ಕಣ್ಣು ಮುಚ್ಕೊಂಡು ಸೂಜಿಗೆ ದಾರ ಹಾಕ್ದಂಗೆ."

"ಒಂದು ಅಂದಾಜು?"

"ಅಂದಾಜು ನಿಮ್ಮ ಹತ್ರಾನೇ ಇದೆಯಲ್ಲ. ನೀವು ಬಂದಿರೋದು ಅದಕ್ಕಲ್ಲ."

ಅಂಕಲ್ ಪರದೆಯ ಹತ್ತಿರ ಸರಿದರು. "ಇನ್ನೊಮ್ಮೆ ಹಾಕಪಾ, ಸಾವಕಾಶ," ಎಂದರು. ನಂದೀಶ ಒಂದೊಂದೇ ಚಿತ್ರವಾಗಿ ಮುಂದೆ ಸರಿಸಿದರು. ಸೆಕೆಂಡಿಗೆ ಮೂವತ್ತು ಚಿತ್ರ. ನನ್ನ ಕಣ್ಣು ಅಭ್ಯಾಸದಂತೆ ಚೆಂಡನ್ನು ಬಿಟ್ಟು ಅಂಪೈರನ ಕಡೆ ಹೋಯಿತು. ಸ್ಕೋರರ್ ನೋಡುವುದು ಅವನ ಕೈಯನ್ನೇ. ಬಲಗೈ ಮೊಣಕಾಲಿನಿಂದ ಬಿಟ್ಟಿತು. ಮುಷ್ಟಿಯಾಯಿತು. ಏರತೊಡಗಿತು. ಆಮೇಲೆ ಚೆಂಡು ಗ್ಲೌಸಿಗೆ ಬಿತ್ತು. ನಾನು ಬೆರಳಲ್ಲಿ ಎಣಿಸಿದೆ. ಬಾಯಿ ಬಿಡಬಾರದು ಎಂದುಕೊಂಡೆ. ಅಂಕಲ್ ನನ್ನ ಬೆರಳು ನೋಡುತ್ತಿದ್ದರು.

"ಎಷ್ಟವಾ?"

"ಏನು ಅಂಕಲ್?"

"ಎಣಿಸಿದೆಲ್ಲ. ನನಗೂ ಕಾಣ್ತು. ಎಷ್ಟು?"

"ಐದು ಫ್ರೇಮು."

"ಐದು ಅಂದ್ರ?"

"ಸೆಕೆಂಡಿನ ಆರನೇ ಒಂದು ಭಾಗ," ಎಂದರು ನಂದೀಶ, ಪರದೆಯಿಂದ ಕಣ್ಣು ತೆಗೆಯದೆ. "ನೀವು ಕೈ ಎತ್ತಿದಾಗ ಚೆಂಡು ಇನ್ನೂ ಹತ್ತು ಹನ್ನೆರಡು ಅಡಿ ಆಚೆ ಇತ್ತು."

ಅಂಕಲ್ ಎದ್ದು ಹಿತ್ತಿಲ ಬಾಗಿಲು ತೆಗೆದು ಹೊರಗೆ ನಿಂತರು. ನೂರ ಎರಡು ಡಿಗ್ರಿ ಬಿಸಿಲು. ಹನ್ನೊಂದು ನಿಮಿಷ ನಿಂತಿದ್ದರು. ಒಳಗೆ ಬಂದು ನೀರು ಕೇಳಿದರು.

ಆಗಸ್ಟ್ ೧೧, ಭಾನುವಾರ. ಏಳೂವರೆಗೆ ಹೊರಟೆವು. ಇದು ೧೪೦ ಮೈಲಿಯ ದಾರಿ. ಎರಡೂ ಕಡೆ ಒಣಗಿ ಬಿಳಿಚಿದ ಹುಲ್ಲು, ಸುತ್ತಿಟ್ಟ ಮೇವಿನ ಉರುಳೆಗಳು, ಕೆರೆಯ ಕೆಸರಿನಲ್ಲಿ ಮೊಣಕಾಲುದ್ದ ನಿಂತ ದನಗಳು. ಮೊದಲ ಅರವತ್ತು ಮೈಲಿ ಅಂಕಲ್ ಕಿಟಕಿಯ ಹೊರಗೇ ನೋಡುತ್ತಿದ್ದರು.

"ತಿರುಗಿ ಹೋಗೋಣ ಅಂದರೆ ಹೇಳಿ ಅಂಕಲ್," ಎಂದೆ.

"ಬಾಲ್ ಅಂತ ಬಂದಿದ್ರ ಹೋಗಿ ತಪ್ಪಾತು ಅಂತಿದ್ದೆ. ಸ್ಟ್ರೈಕ್ ಅಂತ ಬಂದಿದ್ರ ಟೇಪು ತೋರಿಸ್ತಿದ್ದೆ. ಎರಡಕ್ಕೂ ತಯಾರಾಗಿ ಬಂದಿದ್ದೆ." ಸೀಟ್ ಬೆಲ್ಟ್ ಸರಿ ಮಾಡಿಕೊಂಡರು: "ಇದಕ್ಕ ತಯಾರಿಲ್ಲ. ನೀ ಹೊಡಿ ಗಾಡಿ."

ಫುಲ್‌ಶೀರ್ ಹತ್ತು ಮೂವತ್ತೈದಕ್ಕೆ. ಎಲ್ಲವೂ ಹೊಸ ಮನೆಗಳು. ಬೀದಿಯ ಮರಗಳು ಇನ್ನೂ ಗೂಟಕ್ಕೆ ಕಟ್ಟಿದ ಸಸಿಗಳು. ವಿವೇಕ್ ಬಾಗಿಲು ತೆಗೆದ. ತಂದೆಯದೇ ಎತ್ತರ, ತಂದೆಯದೇ ಸೊಟ್ಟ ಮೂಗು. ಹೆಂಡತಿ ತವರಿಗೆ ಹೋಗಿದ್ದಳು. ಅವನು ಕನ್ನಡವನ್ನು ಪೂರ್ತಿ ತಿಳಿಯುತ್ತಾನೆ, ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ನಾನು ಅವನ ಮಾತನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಅವನು ಕನ್ನಡದಲ್ಲೇ ಹೇಳಿದ್ದು ಒಂದು ಮಾತು. ಅದನ್ನು ಬೇರೆಯಾಗಿ ಹೇಳುತ್ತೇನೆ.

ಅವನು ಅಡುಗೆಮನೆಯ ಕಟ್ಟೆಯ ಆಚೆ ನಿಂತು ಕಾಫಿ ಮಾಡುತ್ತಿದ್ದ. ಈಚೆ ಎತ್ತರದ ಸ್ಟೂಲಿನ ಮೇಲೆ ಅಂಕಲ್. ಹವಾಮಾನದ ಮಾತಾಯಿತು. ಕಾರಿನ ಮಾತಾಯಿತು. ತೆರಿಗೆಗೆ ಬರುವಷ್ಟರಲ್ಲಿ ಅಂಕಲ್ ತಡೆದರು.

"ವಿವೇಕಾ, ಎರಡು ಸಾವಿರದ ಒಂದರ ಆ ಮ್ಯಾಚು. ಟೇಪು ನೋಡಿ ಬಂದ್ವಿ."

ವಿವೇಕ್‌ನ ಚಮಚ ನಿಂತಿತು. ಅಂಕಲ್ ನಂದೀಶರ ಕ್ಯಾಮೆರಾ, ಎರಡು ಕಂಬ, ಎತ್ತರ, ಅಗಲ ಎಂದು ಎರಡು ನಿಮಿಷ ವಿವರಿಸಿದರು.

"ಚೆಂಡು ಎಲ್ಲಿ ಹೋತು ಅಂತ ಅದಕ್ಕ ಗೊತ್ತಾಗಲಿಲ್ಲ. ಆದ್ರ ನನ್ನ ಕೈ ಗೊತ್ತಾತು. ಚೆಂಡು ಬರೂಕಿಂತ ಮೊದಲs ಎತ್ತಿದ್ದೆ. ಐದು ಫ್ರೇಮು. ಈಕಿ ಎಣಿಸ್ಯಾಳ."

"ಗೊತ್ತು," ಎಂದ ವಿವೇಕ್.

ಅಂಕಲ್ ಅವನನ್ನು ನೋಡಿದರು.

"ಆ ದಿನ ಕ್ಯಾಚರ್ ಆಗಿದ್ದವನು ಕೈಲ್. ನನ್ನದೇ ಸ್ಕೂಲು. ಸ್ಕೂಲು ಶುರುವಾದ ದಿನ ಬಸ್ಸಿನಲ್ಲಿ ಪಕ್ಕ ಬಂದು ಕುಳಿತ. 'ಚೆಂಡು ನನ್ನ ಗ್ಲೌಸಿಗೆ ಬೀಳುವ ಮೊದಲೇ ನಿಮ್ಮಪ್ಪ ಕೂಗಿದರು, ಕಿವಿಯ ಹತ್ತಿರವೇ ಕೇಳಿಸಿತು' ಎಂದ. ಗೆದ್ದವನು ಅವನು. ಸಾರಿ ಕೇಳಿದವನೂ ಅವನೇ."

"ಹದಿನೆಂಟು ವರ್ಷ ಗೊತ್ತಿತ್ತೇನು? ಮತ್ತ ನನ್ನ ಯಾಕ ಕೇಳಲಿಲ್ಲ?"

"ಕೇಳಿದ್ದೆನಲ್ಲ. ಕಾರಿನಲ್ಲಿ."

ಫ್ರಿಜ್ಜಿನ ಮೋಟರು ಓಡಿ ನಿಂತಿತು. ಅಂಕಲ್ ಎರಡೂ ಅಂಗೈ ಕಟ್ಟೆಯ ಮೇಲೆ ಚಪ್ಪಟೆಯಾಗಿ ಇಟ್ಟರು.

"ಆ ಲೀಗಿನಾಗ ಆವಾಗ ನಮ್ಮವ್ರದು ಅಂತ ಇದ್ದದ್ದು ನಮ್ಮದೊಂದs ಮನಿ. ಬೇಲಿಗೆ ಹತ್ತಿ ಎಲ್ಲಾರೂ ನನ್ನನ್ನs ನೋಡ್ತಿದ್ರು. ಮಗಗ ಅನುಕೂಲ ಮಾಡಿದ ಅನ್ನಬಾರದು. ಅದಕ್ಕ, ಸಮೀಪ ಬಂದದ್ದೆಲ್ಲಾ ನಿನ್ನ ಮ್ಯಾಲ ಹಾಕೂದು ಅಂತ ಮೊದಲs ಠರಾಯಿಸಿ ನಿಂತಿದ್ದೆ. ಅವ ಚೆಂಡು ಒಗಿಯೂಕಿಂತ ಮೊದಲ. ಅದು ಬಾಲ್ ಇರಬೇಕು ಬಿಡಪಾ. ಬಾಲs ಅದು."

"ಬೇಡ," ಎಂದ ವಿವೇಕ್ ಜೋರಾಗಿ. "ನನ್ನನ್ನು ಸಮಾಧಾನ ಮಾಡಲು ಹೇಳಬೇಡ. ಆ ದಿನ ಅವರಿಗಾಗಿ ಹೇಳಿದೆ, ಈಗ ನನಗಾಗಿ ಹೇಳುತ್ತಿದ್ದೀಯ."

ಅವನು ಕಟ್ಟೆ ಬಳಸಿ ಈಚೆ ಬಂದ. ತಂದೆಯ ಪಕ್ಕ, ಕಾರಿನಲ್ಲಿ ಕೂತ ಹಾಗೆ ಇಬ್ಬರೂ ಮುಂದಕ್ಕೇ ನೋಡುವಂತೆ, ಇನ್ನೊಂದು ಸ್ಟೂಲು ಎಳೆದು ಕುಳಿತ. ಆಮೇಲೆ ಕನ್ನಡದಲ್ಲಿ ಕೇಳಿದ. ದೊಡ್ಡವನ ದನಿ, ಹುಡುಗನ ಉಚ್ಚಾರ.

"ಅದು ಸ್ಟ್ರೈಕ್ ಇತ್ತೇನಪ್ಪಾ?"

ಅಂಕಲ್ ಕೂಡಲೇ ಉತ್ತರಿಸಲಿಲ್ಲ. ನಾನು ಎಣಿಸಲಿಲ್ಲ.

"ನಾ ನೋಡ್ಲಿಲ್ಲೋ ತಮ್ಮಾ," ಎಂದರು. "ಖರೇನ ನೋಡ್ಲಿಲ್ಲ."

ವಿವೇಕ್ ತಲೆಯಾಡಿಸಿದ. ಎದ್ದು, ಆರಿಹೋದ ಕಾಫಿಯನ್ನು ಸಿಂಕಿಗೆ ಚೆಲ್ಲಿ, ಹೊಸದಾಗಿ ಮಾಡತೊಡಗಿದ. ಅಮ್ಮ ಚಟ್ನಿ ಪುಡಿ ಕಳಿಸಿದ್ದಾಳಾ ಎಂದು ಬೆನ್ನು ತಿರುಗಿಸಿಕೊಂಡೇ ಕೇಳಿದ.

ಟೇಪನ್ನು ಅವನು ನೋಡಲಿಲ್ಲ. ಪೆನ್‌ಡ್ರೈವ್ ಕೂಡ ಬೇಡವೆಂದ. ಆದರೆ ಹನ್ನೆರಡಕ್ಕೆ ಹೊರಡಬೇಕಾಗಿದ್ದ ನಾವು ಅಂದು ಹೊರಡಲಿಲ್ಲ. ಸೋಮವಾರ ರಜೆ ಎಂದು ನಾನು ಆಫೀಸಿಗೆ ಮೇಲ್ ಕಳಿಸಿದೆ. ಸಂಜೆ ಏಳಕ್ಕೆ ಬಿಸಿಲು ಇಳಿದ ಮೇಲೆ ಬಡಾವಣೆಯ ಕೊಳದ ಸುತ್ತ ಅಪ್ಪ ಮಗ ನಡೆದರು. ನಾನು ಇಪ್ಪತ್ತು ಹೆಜ್ಜೆ ಹಿಂದಿದ್ದೆ. ಕೇಳಿಸಿದ್ದು ಹವಾಮಾನ, ಕಾರು, ತೆರಿಗೆ. ಮೂರೇ ವಿಷಯ, ನಾಲ್ಕು ಸುತ್ತು.

ಆಗಸ್ಟ್ ೧೨, ಸೋಮವಾರ. ಎಂಟೂವರೆಗೆ ಹೊರಟಾಗ ವಿವೇಕ್ ಗೇಟಿಲ್ಲದ ಅಂಗಳದ ತುದಿಯಲ್ಲಿ ನಿಂತಿದ್ದ. ಬೀದಿಯ ತಿರುವಿನವರೆಗೂ ಅಂಕಲ್ ಹಿಂದೆ ತಿರುಗಿ ನೋಡಿದರು. ನಾನು ಕನ್ನಡಿಯಲ್ಲಿ ನೋಡಿದೆ. ಗೂಟಕ್ಕೆ ಕಟ್ಟಿದ ಸಸಿಗಿಂತ ಅವನು ಸ್ವಲ್ಪವೇ ಎತ್ತರವಾಗಿ ಕಂಡ, ಆಮೇಲೆ ಸಸಿ ಮಾತ್ರ ಕಂಡಿತು.

ಹ್ಯೂಸ್ಟನ್ ನಗರದ ನಡುವಿನಿಂದ ಉತ್ತರದ ಹೈವೇ ಹಿಡಿದೆವು. ದೊಡ್ಡ ಬೇಸ್‌ಬಾಲ್ ಮೈದಾನದ ಮುಚ್ಚಿದ ಛಾವಣಿ ಕಂಡಿತು. ಅಂದು ಅಲ್ಲಿ ಪಂದ್ಯವಿರಲಿಲ್ಲ, ಪಾರ್ಕಿಂಗ್ ಖಾಲಿ. ಆ ಛಾವಣಿಯ ಕೆಳಗೆ ಎಷ್ಟು ಕ್ಯಾಮೆರಾ ಇರಬಹುದು ಎಂದು ನಾನು ಯೋಚಿಸುತ್ತಿದ್ದೆ.

"ಹೇಳಬೇಕಾಗಿದ್ದದ್ದು ಆ ಹುಡುಗಗ," ಎಂದರು ಅಂಕಲ್. "ಹೇಳಿದ್ದು ಇವಗ. ಆ ಹುಡುಗ ಎಲ್ಲಿ ಅದಾನ ಈಗ?"

ದಾರಿಯ ನಡುವೆ ಊಟಕ್ಕೆ ನಿಂತಾಗ, ಮೈಸೂರಿನಲ್ಲಿ ಆಗ ರಾತ್ರಿ ಹತ್ತೂವರೆ ಎಂದು ಲೆಕ್ಕ ಹಾಕಿ, ಮಹೇಶನಿಗೆ ಒಂದು ಸಾಲು ಬರೆದೆ. ಅಂಕಿ ಇಲ್ಲದ ಸಾಲು.

ಅಲೆನ್ ತಲುಪಿದ್ದು ನಾಲ್ಕು ಹತ್ತಕ್ಕೆ. ಮೀಟರು ೪೧,೯೪೪. ಒಟ್ಟು ೭೩೮ ಮೈಲಿ. ಸುಮಿತ್ರಾ ಆಂಟಿ ಬಾಗಿಲಲ್ಲೇ ಇದ್ದರು. ಅಂಕಲ್ ಗೋಡೆ ಹಿಡಿದು ಒಂದು ಶೂ ಬಿಚ್ಚಿದರು.

"ಅವಗ ಮೊದಲs ಗೊತ್ತಿತ್ತಂತ, ಸುಮಿತ್ರಾ. ನಾ ಚೆಂಡು ನೋಡೂಕಿಂತ ಮೊದಲ ಕೈ ಎತ್ತಿದ್ದು. ಇಷ್ಟು ವರ್ಷ ಗೊತ್ತಿತ್ತಂತ."

ಆಂಟಿ ಖಾಲಿ ಡಬ್ಬಿಗಳನ್ನು ನನ್ನ ಕೈಯಿಂದ ತೆಗೆದುಕೊಂಡರು. ಮುಚ್ಚಳ ತೆಗೆದು, ಚಟ್ನಿ ಪುಡಿ ಮುಗಿದಿದೆಯೋ ಎಂದು ನೋಡಿದರು.

"ನನಗ ಗೊತ್ತಿರಲಿಲ್ಲೇನ್ರಿ?" ಎಂದರು. "ಕ್ಯಾಮೆರಾ ಹಿಡಿದಾಕಿ ನಾನs ಅಲ್ಲೇನು?"

ಅಂಕಲ್ ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಬರೀ ಕಾಲುಚೀಲ, ಗೋಡೆ ಹಿಡಿದೇ ನಿಂತಿದ್ದರು. ಆಂಟಿ ಅವರ ಕೈಯಿಂದ ಟೇಪು ತೆಗೆದುಕೊಂಡು ಸೀರೆಯ ಕಪಾಟಿನ ಕಡೆ ಹೋದರು.